ಹದ್ದಿಗೂ ಒಂದು ಹದ್ದು ಬೇಕು

ಕನ್ನಡದಲ್ಲಿ 'ಹದ್ದು' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು, ರೆಕ್ಕೆ ಬಡಿಯದೆ ಆಕಾಶದಲ್ಲಿ ಸುತ್ತುವ ಹಕ್ಕಿ. ಇನ್ನೊಂದು, ಎಲ್ಲೆ, ಮೇರೆ, ಗಡಿ. ಎರಡನೆಯ ಶಬ್ದ ಅರಬ್ಬಿಯಿಂದ ಹೊರಟು ಪಾರಸಿ, ಉರ್ದುಗಳ ಮೂಲಕ ನಮ್ಮ ಕಂದಾಯದ ಕಡತಗಳಿಗೆ ಬಂದು, 'ಹದ್ದು ಮೀರಿದ', 'ಹದ್ದುಬಸ್ತಿನಲ್ಲಿಡು' ಎಂಬ ಮಾತುಗಳಲ್ಲಿ ನೆಲೆಯೂರಿತು. ನಾನಾರ್ಥಗಳ ಪಾಠ ಮಾಡುವಾಗ ಈ ಶಬ್ದವನ್ನು ನಾನು ತಪ್ಪದೆ ಹೇಳುತ್ತಿದ್ದೆ. ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಹಕ್ಕಿಗೂ ಗಡಿಗೂ ಒಂದೇ ಹೆಸರಿರುವುದು ಭಾಷೆಯ ಆಕಸ್ಮಿಕ. ಆದರೆ ಈ ಆಕಸ್ಮಿಕದಲ್ಲಿ ಒಂದು ವಿವೇಕ ಅಡಗಿದೆ ಎಂದು ಈಚೆಗೆ ನನಗೆ ತೋರಿದೆ. ಅದಕ್ಕೆ ಕಾರಣ ನಿಮ್ಮಲ್ಲೇ ಒಬ್ಬರು ಕೇಳಿದ ಪ್ರಶ್ನೆ.

ಇಂಗ್ಲೆಂಡಿನ ರೆಡಿಂಗ್ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪತ್ರ ಬರೆದಿದ್ದಾನೆ. ಅವನ ಮನೆಯ ಹಿತ್ತಲಿನ ಮೇಲೆ ದಿನವೂ ಕೆಂಪುಹದ್ದುಗಳು ಸುತ್ತುತ್ತವೆ. ಊರಿನಿಂದ ಹೋಗಿರುವ ಅವನ ತಾಯಿ ಅವುಗಳನ್ನು ಕಂಡು 'ಗರುಡ ಬಂದ' ಎಂದು ಕೈಮುಗಿಯುತ್ತಾರೆ. ಪಕ್ಕದ ಮನೆಯ ಆಂಗ್ಲ ವೃದ್ಧೆ ಹುಲ್ಲಿನ ಮೇಲೆ ಕೋಳಿಮಾಂಸದ ಚೂರುಗಳನ್ನು ಎಸೆದು ಅವನ್ನು ಕರೆಯುತ್ತಾರೆ. ಇದನ್ನು ನೋಡಿ, ತಲೆತಲಾಂತರದಿಂದ ಸಸ್ಯಾಹಾರಿಯಾದ ಆ ಮನೆಯಲ್ಲಿ ಈಗ ಹದ್ದಿಗೋಸ್ಕರ ಮಾಂಸ ತರಬೇಕೆ ಎಂಬ ಚರ್ಚೆ ಎದ್ದಿದೆಯಂತೆ! "ಸರ್, ಹಸಿದ ಜೀವಿಗೆ ಅನ್ನವಿಡುವುದು ಪುಣ್ಯ ಎಂದು ನೀವೇ ಕಲಿಸಿದ್ದೀರಿ. ಹದ್ದಿಗೆ ಇಡಬಾರದೆ?" ಎಂಬುದು ಅವನ ಪ್ರಶ್ನೆ. ಉತ್ತರ ಒಂದೆರಡು ಸಾಲಿನಲ್ಲಿ ಮುಗಿಯುವಂಥದಲ್ಲವಾದ್ದರಿಂದ ಎಲ್ಲರೂ ಓದಲೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದ ಕಾಲದಲ್ಲಿ ಈ ಹಕ್ಕಿಯನ್ನು ನಾನೂ ಸಾಕಷ್ಟು ನೋಡಿದ್ದೇನೆ. ಊರಿನಲ್ಲಿರುವವರಿಗಾಗಿ ಮೊದಲು ಅದರ ಪರಿಚಯ ಹೇಳಬೇಕು. ಕೆಂಪುಹದ್ದು ನಮ್ಮ ದೇಶದ ಹಕ್ಕಿಯಲ್ಲ, ಯೂರೋಪಿನದು. ನಮ್ಮ ಪೇಟೆಬೀದಿಗಳ ಮೇಲೆ ಹಾರಾಡುವ ಕರಿಹದ್ದಿಗೆ ಹತ್ತಿರದ ಬಂಧು. ಎರಡೂ 'ಮಿಲ್ವಸ್' ಎಂಬ ಒಂದೇ ಕುಲಕ್ಕೆ ಸೇರಿದವು. ನಮ್ಮ ಕರಿಹದ್ದಿನ ಉಪಜಾತಿಗೆ 1832 ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ 'ಗೋವಿಂದ' ಎಂದು ಹೆಸರಿಟ್ಟ. ಕೆಂಪುಹದ್ದಿನ ಮೈ ತುಕ್ಕು ಹಿಡಿದ ಕಬ್ಬಿಣದ ಕೆಂಪು. ತಲೆ ನಸುಬೂದು. ರೆಕ್ಕೆಯ ಅಡಿಯಲ್ಲಿ, ತುದಿಗೆ ಸ್ವಲ್ಪ ಹಿಂದೆ, ಕಿಟಕಿಯಂತೆ ಎರಡು ಬಿಳಿಯ ಮಚ್ಚೆಗಳು. ಎಲ್ಲಕ್ಕಿಂತ ಖಚಿತವಾದ ಗುರುತು ಬಾಲ. ಆಳವಾಗಿ ಕವಲೊಡೆದ ಆ ಬಾಲವನ್ನು ಹಕ್ಕಿ ಗಾಳಿಯಲ್ಲಿ ದೋಣಿಯ ಚುಕ್ಕಾಣಿಯಂತೆ ಎಡಕ್ಕೂ ಬಲಕ್ಕೂ ಹೊರಳಿಸುತ್ತಲೇ ಇರುತ್ತದೆ. ನಮ್ಮ ಕರಿಹದ್ದಿನ ಬಾಲದಲ್ಲಿ ಕವಲು ಅಷ್ಟು ಆಳವಿಲ್ಲ, ಬಾಲ ಬಿಡಿಸಿದಾಗ ಅದು ಮಾಯವಾದಂತೆಯೇ ಕಾಣುತ್ತದೆ. ಕೆರೆ, ಹೊಳೆ, ಕಡಲ ದಂಡೆಗಳಲ್ಲಿ ಕಾಣುವ ನಮ್ಮ ಗರುಡನ ಮೈಯೂ ಕೆಂಪೇ. ಆದರೆ ಅದರ ತಲೆ, ಎದೆ ಅಚ್ಚ ಬಿಳುಪು, ಬಾಲ ದುಂಡು. ವಿದ್ಯಾರ್ಥಿಯ ತಾಯಿ ಕೆಂಪುಹದ್ದನ್ನು ಗರುಡನೆಂದು ಭಾವಿಸಿದ್ದು ಶಾಸ್ತ್ರದ ದೃಷ್ಟಿಯಿಂದ ಸರಿಯಲ್ಲದಿದ್ದರೂ ಭಾವದ ದೃಷ್ಟಿಯಿಂದ ಆಕ್ಷೇಪಿಸುವಂಥದಲ್ಲ.

ಗಾತ್ರ ನೋಡಿ ಹೆದರುವವರಿಗೆ ಒಂದು ಲೆಕ್ಕ ಹೇಳಬೇಕು. ಚಾಚಿದ ರೆಕ್ಕೆಗಳ ಅಗಲ ಹೆಚ್ಚುಕಡಿಮೆ 1.8 ಮೀಟರ್, ಅಂದರೆ ಎತ್ತರದ ಆಳೊಬ್ಬನ ಉದ್ದ. ಆದರೆ ತೂಕ ಒಂದು ಕಿಲೋಗ್ರಾಮಿನ ಆಸುಪಾಸು ಮಾತ್ರ. ಕಾಲುಗಳಲ್ಲಿ ಹೆಚ್ಚು ಬಲವಿಲ್ಲ. ಇಂಥ ಹಕ್ಕಿ ಕುರಿಮರಿಯನ್ನು ಎತ್ತಿಕೊಂಡು ಹೋಗುವುದು ಅಸಾಧ್ಯ. ಅದರ ಮುಖ್ಯ ಆಹಾರ ಸತ್ತ ಪ್ರಾಣಿಗಳ ಮಾಂಸ. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕ ಮೊಲ, ಹೊಲದಲ್ಲಿ ಸತ್ತುಬಿದ್ದ ಕುರಿ, ಜೊತೆಗೆ ಇಲಿ, ಮರಿಹಕ್ಕಿ, ನೇಗಿಲು ಎಬ್ಬಿಸಿದ ಎರೆಹುಳು. ಚೊಕ್ಕಟ ಮಾಡುವುದು ಅದರ ಕುಲಕಸುಬು. ಈ ಲೆಕ್ಕ ತಿಳಿಯದ ಕಾರಣಕ್ಕೇ ಆ ದೇಶದ ಜನ ಶತಮಾನಗಳ ಕಾಲ ಅದನ್ನು ಕೊಂದರು.

ಆ ಕಥೆಯನ್ನು ತಿಳಿಯದೆ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಹೇಳಲಾಗದು. ಸುಮಾರು ಐನೂರು ವರ್ಷಗಳ ಹಿಂದೆ ಲಂಡನ್ ನಗರದ ಬೀದಿಗಳಲ್ಲಿ ಕೆಂಪುಹದ್ದು ಇಂದಿನ ನಮ್ಮ ಕರಿಹದ್ದಿನಷ್ಟೇ ಸಾಮಾನ್ಯವಾಗಿತ್ತು. ಚರಂಡಿಯಿಲ್ಲದ ಬೀದಿಯಲ್ಲಿ ಕಟುಕರು ಎಸೆದ ಕರುಳನ್ನೂ ಮನೆಗಳವರು ಎಸೆದ ಕಸವನ್ನೂ ತೆಗೆಯುವ ಪೌರಕಾರ್ಮಿಕ ಅದೇ ಆಗಿದ್ದುದರಿಂದ ಅದನ್ನು ಕೊಲ್ಲುವುದು ಅಪರಾಧವೆನಿಸಿತ್ತು. ಹದಿನೈದನೆಯ ಶತಮಾನದ ಕೊನೆಗೆ ಅಲ್ಲಿಗೆ ಹೋಗಿದ್ದ ವೆನಿಸ್ ನಗರದ ಪ್ರವಾಸಿಯೊಬ್ಬ, ಮಕ್ಕಳ ಕೈಯಲ್ಲಿನ ಬೆಣ್ಣೆ ಸವರಿದ ರೊಟ್ಟಿಯನ್ನೇ ಹದ್ದುಗಳು ಕಸಿದುಕೊಳ್ಳುತ್ತಿದ್ದವೆಂದು ಬರೆದಿಟ್ಟಿದ್ದಾನೆ. ಗೂಡು ಕಟ್ಟುವ ಕಾಲದಲ್ಲಿ ಅದು ಒಣಹಾಕಿದ ಬಟ್ಟೆಯನ್ನೂ ಕದಿಯುತ್ತದೆಂಬ ಸಂಗತಿ ಷೇಕ್ಸ್‌ಪಿಯರನ 'ದಿ ವಿಂಟರ್ಸ್ ಟೇಲ್' ನಾಟಕದಲ್ಲಿ ಒಬ್ಬ ಕಳ್ಳನ ಬಾಯಿಂದ ಬರುತ್ತದೆ. ಇಂದಿಗೂ ಅದರ ಗೂಡಿನಲ್ಲಿ ಚಿಂದಿಬಟ್ಟೆ, ಪ್ಲಾಸ್ಟಿಕ್, ಮಕ್ಕಳ ಗೊಂಬೆಗಳೂ ಸಿಗುವುದುಂಟು.

ಗಾಳಿ ತಿರುಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಎಂಟನೆಯ ಹೆನ್ರಿಯ ಕಾಲದಲ್ಲಿ, 1532 ರಲ್ಲಿ, ಬೆಳೆಗೆ ಹಾನಿ ಮಾಡುವ ಜೀವಿಗಳನ್ನು ಕೊಲ್ಲಬೇಕೆಂಬ ಕಾಯಿದೆ ಬಂತು. ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, 1566 ರಲ್ಲಿ, ಅದು ಇನ್ನೂ ವಿಸ್ತಾರವಾಯಿತು. ಹಳ್ಳಿಯ ಚರ್ಚಿನ ಅಧಿಕಾರಿಗಳು ಸತ್ತ ಹಕ್ಕಿಯ ತಲೆಯನ್ನು ಎಣಿಸಿ ಬಹುಮಾನ ಕೊಡುತ್ತಿದ್ದರು. ಆ ಪಟ್ಟಿಯಲ್ಲಿ ಹದ್ದೂ ಇತ್ತು. ಪೇಟೆಯಲ್ಲಿ ರಕ್ಷಿತ ಹಕ್ಕಿ, ಹಳ್ಳಿಯಲ್ಲಿ ಪೀಡೆ! ನಗರಗಳು ಚೊಕ್ಕಟವಾದಂತೆ ಪೇಟೆಯಲ್ಲಿಯೂ ಅದರ ಅಗತ್ಯ ಮುಗಿಯಿತು. ಆಮೇಲೆ ಜಮೀನುದಾರರ ಬೇಟೆಯ ತೋಪುಗಳನ್ನು ಕಾಯುವವರು ಬಂದೂಕು, ಬೋನು, ವಿಷಗಳನ್ನು ಹಿಡಿದರು. ಇಂಗ್ಲೆಂಡಿನಲ್ಲಿ 1871 ರ ವೇಳೆಗೆ, ಸ್ಕಾಟ್ಲೆಂಡಿನಲ್ಲಿ 1879 ರ ವೇಳೆಗೆ ಅದು ನಾಮಾವಶೇಷವಾಯಿತು. ಉಳಿದದ್ದು ವೇಲ್ಸ್ ಪ್ರಾಂತದ ಗುಡ್ಡಗಾಡಿನ ಕಣಿವೆಗಳಲ್ಲಿ, ಕೈಬೆರಳಿನಲ್ಲಿ ಎಣಿಸುವಷ್ಟು ಜೋಡಿಗಳು ಮಾತ್ರ.

ಹಕ್ಕಿ ಅಪರೂಪವಾದಂತೆ ಅದರ ಮೊಟ್ಟೆಗೆ ಬೆಲೆ ಬಂತು. ಮೊಟ್ಟೆ ಸಂಗ್ರಹಿಸುವ ಹವ್ಯಾಸಿಗಳು ಆ ಕೊನೆಯ ಗೂಡುಗಳನ್ನೂ ಹುಡುಕಿಕೊಂಡು ಹೋದರು. 1903 ರಲ್ಲಿ ಕೆಲವು ಪಕ್ಷಿಪ್ರೇಮಿಗಳು ಸೇರಿ ಅಲ್ಲಿ ಹದ್ದಿನ ರಕ್ಷಣೆಗೆಂದು ಸಮಿತಿಯೊಂದನ್ನು ಕಟ್ಟಿ, ಗೂಡುಗಳಿಗೆ ಕಾವಲಿಟ್ಟು, ತಮ್ಮ ಜಮೀನಿನಲ್ಲಿ ಗೂಡನ್ನು ಉಳಿಸಿಕೊಂಡ ರೈತರಿಗೆ ಬಹುಮಾನ ಕೊಡತೊಡಗಿದರು. ಎಲಿಜಬೆತ್ ರಾಣಿಯ ಕಾಲದ ಬಹುಮಾನ ಕೊಂದವನಿಗೆ, ಈ ಬಹುಮಾನ ಉಳಿಸಿದವನಿಗೆ. ಹಕ್ಕಿ ಅದೇ, ಅದರ ಸ್ವಭಾವವೂ ಅದೇ. ಬದಲಾದದ್ದು ಮನುಷ್ಯನ ಅಭಿಪ್ರಾಯ ಮಾತ್ರ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತಿನ ಬೇರು ಇಲ್ಲಿದೆ. ಮನುಷ್ಯನ ಬಳಿ ಬದುಕುವ ಜೀವಿ ಮನುಷ್ಯನ ಅಭಿಪ್ರಾಯದ ನೆರಳಿನಲ್ಲಿ ಬದುಕುತ್ತದೆ.

ವೇಲ್ಸಿನ ಹದ್ದುಗಳು ಉಳಿದವು, ಆದರೆ ಹೊರಗೆ ಹರಡಲಿಲ್ಲ. ಆದುದರಿಂದ 1989 ರಲ್ಲಿ ಸರಕಾರದ ನಿಸರ್ಗ ಸಂರಕ್ಷಣಾ ಮಂಡಳಿಯೂ ಆರ್.ಎಸ್.ಪಿ.ಬಿ. ಎಂಬ ಪಕ್ಷಿಸಂರಕ್ಷಣಾ ಸಂಸ್ಥೆಯೂ ಸೇರಿ ಬೇರೆ ದೇಶಗಳಿಂದ ಮರಿಗಳನ್ನು ತಂದು ಬಿಡುವ ಕಾರ್ಯಕ್ರಮ ಆರಂಭಿಸಿದುವು. ಸ್ವೀಡನ್ನಿನ ಮರಿಗಳು ಸ್ಕಾಟ್ಲೆಂಡಿನ ಉತ್ತರಭಾಗದ ಬ್ಲ್ಯಾಕ್ ಐಲ್ ಪ್ರದೇಶಕ್ಕೆ, ಬಹುಪಾಲು ಸ್ಪೇನಿನ ಮರಿಗಳು ಆಕ್ಸ್‌ಫರ್ಡ್ ಬಳಿಯ ಚಿಲ್ಟರ್ನ್ ಗುಡ್ಡಗಳಿಗೆ ಬಂದುವು. ಐದಾರು ವರ್ಷಗಳಲ್ಲಿ ಎರಡು ಕಡೆಗೂ ತಲಾ ಸುಮಾರು 90 ಹಕ್ಕಿಗಳನ್ನು ಬಿಡಲಾಯಿತು. 1992 ರಲ್ಲಿ ಅವು ಅಲ್ಲಿಯೇ ಗೂಡು ಕಟ್ಟಿ ಮರಿಮಾಡಿದುವು.

ಇದರಲ್ಲಿ ಒಂದು ವಿವರವನ್ನು ಗಮನಿಸಬೇಕು. ಗೂಡಿನಿಂದ ತಂದ ಮರಿಗಳನ್ನು ಕೆಲವು ವಾರಗಳ ಕಾಲ ಕಾಡಿನಂಚಿನ ಪಂಜರಗಳಲ್ಲಿಟ್ಟು, ಆಹಾರ ಕೊಡುವವರ ಮುಖ ಸಾಧ್ಯವಾದಷ್ಟೂ ಕಾಣದಂತೆ ಎಚ್ಚರ ವಹಿಸಿ ಬೆಳೆಸಿದರು. ಏಕೆ? ಮನುಷ್ಯ ಎಂದರೆ ಊಟ ಎಂಬ ನಂಟು ಅವುಗಳ ಮನಸ್ಸಿನಲ್ಲಿ ಬೇರೂರಬಾರದೆಂದು. ಅಷ್ಟು ಜತನದಿಂದ ಕಟ್ಟಿದ ಆ ಒಂದು ಅಂತರವನ್ನು ಇಂದು ನಾವು ಹಿತ್ತಲಿನಲ್ಲಿ ನಿಂತು ಕೋಳಿಯ ತುಂಡಿನಿಂದ ಅಳಿಸಿಹಾಕುತ್ತಿದ್ದೇವೆ.

ಆ ಬಳಿಕ ಬೇರೆ ಬೇರೆ ಜಿಲ್ಲೆಗಳಲ್ಲಿಯೂ ಹದ್ದುಗಳನ್ನು ಬಿಟ್ಟರು. 1995 ರಲ್ಲಿ ನಾರ್ತ್‌ಹ್ಯಾಂಪ್ಟನ್‌ಶೈರ್, 1999 ರಲ್ಲಿ ಯಾರ್ಕ್‌ಶೈರ್, 2004 ರಲ್ಲಿ ಗೇಟ್ಸ್‌ಹೆಡ್ ನಗರದ ಪಕ್ಕದ ಡರ್ವೆಂಟ್ ಕಣಿವೆ. ಇಂದು ಬ್ರಿಟನ್ನಿನಲ್ಲಿ ಸಾವಿರಾರು ಜೋಡಿಗಳಿವೆ. ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟ 2020 ರಲ್ಲಿ ಈ ಹಕ್ಕಿಯನ್ನು ಆತಂಕದ ಅಂಚಿನ ಪಟ್ಟಿಯಿಂದ ತೆಗೆದು, ಸದ್ಯಕ್ಕೆ ಚಿಂತೆಯಿಲ್ಲದ ಪಟ್ಟಿಗೆ ಸೇರಿಸಿತು. ಒಂದು ಕಾಲದಲ್ಲಿ ಮರಿಗಳನ್ನು ಕೊಟ್ಟ ಸ್ಪೇನಿನಲ್ಲಿ ಈಗ ಅವುಗಳ ಸಂಖ್ಯೆ ಕೆಲವೆಡೆ ಕುಸಿದಿರುವುದರಿಂದ 2022 ರಲ್ಲಿ ಇಂಗ್ಲೆಂಡ್ ತನ್ನ ಮರಿಗಳನ್ನು ಅಲ್ಲಿಗೆ ಕಳುಹಿಸಿತು. ಪಡೆದ ಸಾಲವನ್ನು ಇಷ್ಟು ಮರ್ಯಾದೆಯಿಂದ ತೀರಿಸಿದ ಉದಾಹರಣೆ ರಾಷ್ಟ್ರಗಳ ಚರಿತ್ರೆಯಲ್ಲಿ ವಿರಳ.

ಹಳ್ಳಿಗಾಡಿನಲ್ಲಿ ಈ ಹಕ್ಕಿಯನ್ನು ನೋಡಬೇಕೆನ್ನುವವರಿಗೆ ಕಷ್ಟವಿಲ್ಲ. ಲಂಡನ್ನಿನಿಂದ ಆಕ್ಸ್‌ಫರ್ಡಿಗೆ ಹೋಗುವ ಎಂ-40 ಹೆದ್ದಾರಿ ಸ್ಟೋಕನ್‌ಚರ್ಚ್ ಬಳಿ ಸುಣ್ಣಕಲ್ಲಿನ ಗುಡ್ಡವನ್ನು ಸೀಳಿಕೊಂಡು ಇಳಿಯುತ್ತದೆ. ಅಲ್ಲಿ ಕಾರಿನ ಕಿಟಕಿಯಿಂದಲೇ ಹತ್ತಾರು ಹದ್ದುಗಳು ಕಾಣುತ್ತವೆ. ಕಾರು ನಡೆಸುವವರು ಮಾತ್ರ ರಸ್ತೆಯನ್ನೇ ನೋಡಲಿ! ಗುಡ್ಡದ ಬೆಚ್ಚಗಿನ ಗಾಳಿ ಮೇಲೇರುವ ಹೊತ್ತು, ಅಂದರೆ ಬೆಳಗಿನ ಹತ್ತು ಗಂಟೆಯ ಬಳಿಕ, ಅವು ಎತ್ತರಕ್ಕೆ ಏರುತ್ತವೆ. ಚಳಿಗಾಲದ ಸಂಜೆ ಹಲವು ಹದ್ದುಗಳು ಒಂದೇ ತೋಪಿಗೆ ಬಂದು ಸೇರಿ ತಂಗುವ ದೃಶ್ಯ, ನಮ್ಮೂರ ಆಲದ ಮರಕ್ಕೆ ಕಾಗೆಗಳು ಸೇರುವುದನ್ನು ನೆನಪಿಸುತ್ತದೆ. ಕೂಗು ಮಾತ್ರ ಅದರ ಗಾತ್ರಕ್ಕೆ ತಕ್ಕುದಲ್ಲ. ಎಳೆದೆಳೆದು ಸಿಳ್ಳೆ ಹಾಕಿದಂಥ ಒಂದು ತೆಳುದನಿ.

ಪಟ್ಟಣದ ಕಥೆ ಬೇರೆ. ರೆಡಿಂಗ್ ನಗರದಲ್ಲಿ ಹಗಲು ಕಾಣುವ ಹದ್ದುಗಳು ಬಹುಮಟ್ಟಿಗೆ ಪಟ್ಟಣದ ನಿವಾಸಿಗಳಲ್ಲ. ಅವು ಸುತ್ತಲ ಹಳ್ಳಿಗಾಡಿನ ಮರಗಳಲ್ಲಿ ಮಲಗಿ, ನಮ್ಮ ಗುಮಾಸ್ತರು ರೈಲಿನಲ್ಲಿ ಬರುವಂತೆ ಬೆಳಿಗ್ಗೆ ಬಂದು ಸಂಜೆ ಹಿಂದಿರುಗುತ್ತವೆ. ಇಷ್ಟು ಸಂಖ್ಯೆಯಲ್ಲಿ ಏಕೆ ಬರುತ್ತವೆ ಎಂಬುದನ್ನು ಅಲ್ಲಿನ ವಿಶ್ವವಿದ್ಯಾನಿಲಯದ ಮೆಲನಿ ಓರೋಸ್ ಮತ್ತು ಮಾರ್ಕ್ ಫೆಲೋಸ್ ಎಂಬ ಸಂಶೋಧಕರು ಪರಿಶೀಲಿಸಿ 2015 ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಪ್ಪತ್ತು ಮನೆಗಳಿಗೆ ಸುಮಾರು ಒಂದು ಮನೆಯವರು ಹದ್ದಿಗೆಂದೇ ಮಾಂಸ ಹಾಕುತ್ತಿದ್ದರು. ನೂರಾರು ಹಕ್ಕಿಗಳನ್ನು ಆಕರ್ಷಿಸಲು ಅಷ್ಟು ಸಾಕಾಗಿತ್ತು. ಐನೂರು ವರ್ಷಗಳ ಹಿಂದೆ ಬೀದಿಯ ಕಸ ಅವುಗಳನ್ನು ನಗರಕ್ಕೆ ಕರೆದಿತ್ತು, ಈಗ ಹಿತ್ತಲಿನ ಪ್ರೀತಿ ಕರೆಯುತ್ತಿದೆ.

ಇನ್ನು ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಮನೆಯ ಹಿತ್ತಲಿನಲ್ಲಿ ಹದ್ದಿಗೆ ಆಹಾರ ಹಾಕಬಾರದು. ನನ್ನ ಕಾರಣಗಳು ಮೂರು.

ಮೊದಲನೆಯದು, ಹಾಕುವ ಆಹಾರ ಹಕ್ಕಿಗೆ ಹಿತವಲ್ಲ. ಕಾಡಿನಲ್ಲಿ ಹದ್ದು ಸತ್ತ ಪ್ರಾಣಿಯ ಮಾಂಸದ ಜೊತೆಗೆ ತುಪ್ಪಳ, ಸಣ್ಣ ಮೂಳೆ, ಕರುಳು ಎಲ್ಲವನ್ನೂ ತಿನ್ನುತ್ತದೆ. ಮರಿಯ ಮೂಳೆಗಳಿಗೆ ಬೇಕಾದ ಸುಣ್ಣದ ಅಂಶ ಅದರಿಂದಲೇ ಬರಬೇಕು. ಹಿತ್ತಲಿನಲ್ಲಿ ಸಿಗುವುದು ಚೊಕ್ಕಟವಾಗಿ ಕತ್ತರಿಸಿದ ಮೂಳೆಯಿಲ್ಲದ ಮಾಂಸ, ಬೇಯಿಸಿ ಉಪ್ಪು ಮಸಾಲೆ ಹಾಕಿದ ಉಳಿಕೆ. ತಾಯಿಹಕ್ಕಿ ಅದನ್ನೇ ಗೂಡಿಗೆ ಒಯ್ದರೆ ಮರಿಯ ಮೂಳೆ ಬಲಿಯುವುದಿಲ್ಲ. ಚಿಲ್ಟರ್ನ್ ಗುಡ್ಡಗಳ ಸಂರಕ್ಷಣಾ ಮಂಡಳಿ ಈ ಕಾರಣವನ್ನೂ ಹೇಳಿಯೇ ಜನರಿಗೆ ಆಹಾರ ಹಾಕಬೇಡಿರೆಂದು ಬಹಳ ಕಾಲದಿಂದ ವಿನಂತಿಸುತ್ತಿದೆ. ಪ್ರೀತಿಯಿಂದ ಕೊಟ್ಟದ್ದೆಲ್ಲ ಪಥ್ಯವಾಗುವುದಿಲ್ಲ ಎಂಬುದನ್ನು ಮೊಮ್ಮಕ್ಕಳಿರುವ ಮನೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು, ಅಭ್ಯಾಸ. ಹದ್ದಿನ ಕಣ್ಣು ಎಂದು ನಾವು ಸುಮ್ಮನೆ ಹೇಳುವುದಿಲ್ಲ. ಅದು ಕೈಯಲ್ಲಿರುವ ತಿನಿಸನ್ನು ಗುರುತಿಸುತ್ತದೆ, ಕೊಡುವ ಕೈಗೂ ಹಿಡಿದ ಕೈಗೂ ಇರುವ ಭೇದವನ್ನು ಮಾತ್ರ ಅರಿಯದು. ಥೇಮ್ಸ್ ನದಿಯ ದಂಡೆಯ ಊರುಗಳ ಉದ್ಯಾನಗಳಲ್ಲಿ, ಶಾಲೆಗಳ ಅಂಗಳದಲ್ಲಿ, ಮಕ್ಕಳ ಕೈಯ ಬ್ರೆಡ್ಡನ್ನು ಅದು ಕಸಿದುಕೊಂಡ ಪ್ರಸಂಗಗಳು ನಡೆದಿವೆ. ಉಗುರು ತಾಗಿ ಗೀರಿದ್ದೂ ಉಂಟು. ವೆನಿಸ್ಸಿನ ಪ್ರವಾಸಿ ಕಂಡದ್ದು ಹೀಗೆ ಮತ್ತೆ ಕಣ್ಣೆದುರು ಬಂದಿದೆ. ಇದರಲ್ಲಿ ಹಕ್ಕಿಯ ಅಪರಾಧವಿಲ್ಲ. ನಾಲ್ಕು ಮನೆ ಆಚೆಗೆ ಒಬ್ಬರು ಕಲಿಸಿದ ಪಾಠವನ್ನು ಅದು ಇಲ್ಲಿ ಒಪ್ಪಿಸಿದೆ, ಅಷ್ಟೆ. ಆದರೆ ಅಳುವ ಮಗುವಿನ ತಾಯಿ ಬೈಯುವುದು ಕಲಿಸಿದವರನ್ನಲ್ಲ, ಹಕ್ಕಿಯನ್ನು.

ಮೂರನೆಯ ಕಾರಣ ಇದರಿಂದಲೇ ಹುಟ್ಟುತ್ತದೆ, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಕಾಯಿದೆ ಹಕ್ಕಿಯನ್ನು ರಕ್ಷಿಸುತ್ತದೆ, ನಿಜ. 1981 ರ ವನ್ಯಜೀವಿ ಕಾಯಿದೆ ಕೆಂಪುಹದ್ದಿಗೆ ಅತಿ ಹೆಚ್ಚಿನ ರಕ್ಷಣೆ ಕೊಟ್ಟಿದೆ. ಆದರೂ 2014 ರ ಮಾರ್ಚ್ ತಿಂಗಳಿನಲ್ಲಿ ಸ್ಕಾಟ್ಲೆಂಡಿನ ಕಾನನ್ ಬ್ರಿಜ್ ಎಂಬ ಊರಿನ ಬಳಿ 16 ಕೆಂಪುಹದ್ದುಗಳೂ 6 ಬಜರ್ಡ್ ಹಕ್ಕಿಗಳೂ ಸತ್ತು ಬಿದ್ದುವು. ಪರೀಕ್ಷಿಸಿದಾಗ ಅವುಗಳಲ್ಲಿ ಬಹುಪಾಲು ನಿಷೇಧಿತ ವಿಷದಿಂದ ಸತ್ತದ್ದು ಖಚಿತವಾಯಿತು. ಕಾಯಿದೆ ಪುಸ್ತಕದಲ್ಲಿರುತ್ತದೆ, ವಿಷ ಯಾರದೋ ಕೈಯಲ್ಲಿರುತ್ತದೆ. ಆ ಕೈಯನ್ನು ತಡೆಯಬಲ್ಲುದು ನೆರೆಹೊರೆಯವರ ಅಭಿಪ್ರಾಯ ಮಾತ್ರ. ಹಕ್ಕಿಯನ್ನು ಕಂಡರೆ ಹತ್ತು ಮಂದಿಗೆ ಕಿರಿಕಿರಿಯಾಗುವಂತೆ ಮಾಡುವವನು, ತನಗೆ ತಿಳಿಯದೆಯೇ, ಆ ತಡೆಯನ್ನು ಸಡಿಲಿಸುತ್ತಾನೆ. 1566 ರ ಕಾಯಿದೆ ಆಕಾಶದಿಂದ ಬೀಳಲಿಲ್ಲ. ಕಿರಿಕಿರಿಗೊಂಡ ಜನರ ಮಾತುಗಳಿಂದಲೇ ಅಂಥ ಕಾಯಿದೆಗಳು ಹುಟ್ಟುವುದು.

ಇದಕ್ಕೆ ಎದುರು ವಾದವಿಲ್ಲವೆಂದಲ್ಲ. ವೇಲ್ಸಿನ ರೈಯಾಡರ್ ಊರಿನ ಬಳಿ ಗಿಗ್ರಿನ್ ಎಂಬ ಹೊಲಮನೆಯಲ್ಲಿಯೂ ಆಬರಿಸ್ಟ್ವಿತ್ ಬಳಿಯ ನಾಂಟ್ ಅರ್ ಆರಿಯನ್ ಸರೋವರದ ದಂಡೆಯಲ್ಲಿಯೂ ದಿನಕ್ಕೊಮ್ಮೆ, ಮಧ್ಯಾಹ್ನದ ಗೊತ್ತಾದ ಹೊತ್ತಿನಲ್ಲಿ ಹದ್ದುಗಳಿಗೆ ಮಾಂಸ ಹಾಕುತ್ತಾರೆ. ನೂರಾರು ಹಕ್ಕಿಗಳು ಒಮ್ಮೆಗೇ ಇಳಿಯುವ ಆ ದೃಶ್ಯವನ್ನು ನೋಡಲು ದೂರದೂರಿನಿಂದ ಜನ ಬರುತ್ತಾರೆ. ಚಳಿಗಾಲದಲ್ಲಿ ಹಕ್ಕಿಗಳಿಗೆ ಅದರಿಂದ ನೆರವಾಗಿದೆ. ಒಂದು ಕಾಲದಲ್ಲಿ ಹದ್ದನ್ನು ವೈರಿಯೆಂದು ಕಾಣುತ್ತಿದ್ದ ಪ್ರದೇಶಕ್ಕೆ ಅದೇ ಹದ್ದು ಇಂದು ಆದಾಯ ತಂದುಕೊಡುತ್ತಿದೆ. ಇದನ್ನು ನಾನು ವಿರೋಧಿಸುವುದಿಲ್ಲ. ಅಲ್ಲಿ ಜಾಗ ಒಂದು, ಹೊತ್ತು ಒಂದು, ಹಾಕುವವರು ತಿಳಿದವರು, ಸುತ್ತ ಮಕ್ಕಳ ಊಟದ ಡಬ್ಬಿಗಳಿಲ್ಲ. ದೇವಸ್ಥಾನದ ದಾಸೋಹಕ್ಕೂ ಬೀದಿಯಲ್ಲಿ ಹೋಗುವವರಿಗೆಲ್ಲ ಹಣ ತೂರುವುದಕ್ಕೂ ವ್ಯತ್ಯಾಸವಿಲ್ಲವೆ? ಹದ್ದು ಎಂಬ ಶಬ್ದದ ಎರಡನೆಯ ಅರ್ಥ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಲ್ಲೆಯಿದ್ದ ಔದಾರ್ಯ ಉಪಕಾರವಾಗುತ್ತದೆ, ಎಲ್ಲೆಯಿಲ್ಲದ್ದು ಉಪದ್ರವವಾಗುತ್ತದೆ.

"ಗುಬ್ಬಿಗೆ ಕಾಳು ಹಾಕಬಹುದು, ಹದ್ದಿಗೆ ಏಕೆ ಬಾರದು?" ಎಂದೂ ಕೇಳಬಹುದು. ಗುಬ್ಬಿ ನಮ್ಮ ತಟ್ಟೆಗೆ ಎರಗುವುದಿಲ್ಲ, ಪಕ್ಕದ ಮನೆಯ ಮಗುವನ್ನು ಬೆದರಿಸುವುದಿಲ್ಲ. ಗುಬ್ಬಿಗೆ ಹಾಕಿದ ಕಾಳಿನ ಫಲ ನಮ್ಮ ಹಿತ್ತಲಿನಲ್ಲಿಯೇ ಮುಗಿಯುತ್ತದೆ. ಹದ್ದಿಗೆ ಹಾಕಿದ ತುಂಡಿನ ಫಲವನ್ನು ಊರೇ ಅನುಭವಿಸಬೇಕು.

ಇದು ಇಂಗ್ಲೆಂಡಿನವರ ಮಾತಾಯಿತು, ನಮಗೇನು ಎನ್ನಬೇಡಿ. ನಮ್ಮ ಬೆಂಗಳೂರಿನ ಆಕಾಶದಲ್ಲಿ ಕರಿಹದ್ದುಗಳು ಏಕೆ ಕಿಕ್ಕಿರಿದಿವೆ? ಯಲಹಂಕದ ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನ ನಡೆಯುವಾಗಲೆಲ್ಲ ಮಹಾನಗರ ಪಾಲಿಕೆ ಒಂದು ಆಜ್ಞೆ ಹೊರಡಿಸುತ್ತ ಬಂದಿದೆ. ಸುತ್ತಲಿನ ಕೆಲವು ಕಿಲೋಮೀಟರುಗಳ ಒಳಗೆ ಮಾಂಸ ಮಾರಕೂಡದು. 2023 ರಲ್ಲಿ ಆ ವ್ಯಾಪ್ತಿ 10 ಕಿಲೋಮೀಟರ್, 2025 ರಲ್ಲಿ 13 ಕಿಲೋಮೀಟರ್. ಬಯಲಿಗೆ ಎಸೆದ ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬರುತ್ತವೆ, ಹದ್ದುಗಳು ವಿಮಾನಕ್ಕೆ ಬಡಿಯುತ್ತವೆ ಎಂಬುದೇ ಕಾರಣ. ತ್ಯಾಜ್ಯವನ್ನು ವರ್ಷವಿಡೀ ಸರಿಯಾಗಿ ವಿಲೇವಾರಿ ಮಾಡಿದರೆ ಪ್ರದರ್ಶನದ ವಾರಗಳಲ್ಲಿ ಅಂಗಡಿ ಮುಚ್ಚಿಸುವ ಪ್ರಮೇಯ ಬಹುಮಟ್ಟಿಗೆ ತಪ್ಪೀತು. ಅಲ್ಲಿ ಪ್ರೀತಿಯಿಂದ ಹಾಕುತ್ತಾರೆ, ಇಲ್ಲಿ ಉದಾಸೀನದಿಂದ ಎಸೆಯುತ್ತೇವೆ. ಹದ್ದಿಗೆ ಎರಡೂ ಒಂದೇ.

ನಮ್ಮಲ್ಲಿ ಹದ್ದುಗಳು ಹೇರಳವಾಗಿವೆ, ಅವುಗಳ ಚಿಂತೆ ಏಕೆ ಎಂಬ ಧೈರ್ಯವೂ ಸಲ್ಲದು. ನಾನು ಹುಡುಗನಾಗಿದ್ದಾಗ ಸತ್ತ ದನವನ್ನು ಊರಾಚೆ ಎಳೆದರೆ ರಣಹದ್ದುಗಳು ಮುತ್ತಿಕೊಳ್ಳುತ್ತಿದ್ದುವು. ಅವುಗಳಿಗೂ ಅಂತ್ಯವಿದೆ ಎಂದು ಯಾರೂ ಎಣಿಸಿರಲಿಲ್ಲ. ತೊಂಬತ್ತರ ದಶಕದಲ್ಲಿ ಅವು ಕಣ್ಮರೆಯಾಗತೊಡಗಿದುವು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕ ಔಷಧವೇ ಕಾರಣವೆಂದು 2004 ರಲ್ಲಿ ತಿಳಿಯಿತು, 2006 ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ಭಾರತ ನಿಷೇಧಿಸಿತು. ಅಷ್ಟು ಹೊತ್ತಿಗೆ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ಒಂದೂ ಉಳಿದಿರಲಿಲ್ಲ. ಇಂದು ನಮ್ಮ ಮಕ್ಕಳಿಗೆ ರಣಹದ್ದು ತೋರಿಸಬೇಕಾದರೆ ರಾಮನಗರದ ರಾಮದೇವರಬೆಟ್ಟದತ್ತ ಹೋಗಿ ಬಂಡೆಗಳನ್ನು ದಿಟ್ಟಿಸಬೇಕು. ಹೇರಳವಾಗಿರುವುದು ಶಾಶ್ವತವಲ್ಲ ಎಂಬುದನ್ನು ಇಂಗ್ಲೆಂಡು ಮೂರು ಶತಮಾನಗಳಲ್ಲಿ ಕಲಿತರೆ ನಾವು ಹತ್ತೇ ವರ್ಷಗಳಲ್ಲಿ ಕಲಿತೆವು.

ಇನ್ನೊಂದು ಸಂಗತಿಯನ್ನು ಗಾಳಿಪಟ ಹಾರಿಸುವ ಮೊಮ್ಮಕ್ಕಳಿರುವವರು ಗಮನಿಸಬೇಕು. ಇಂಗ್ಲಿಷಿನಲ್ಲಿ ಹದ್ದಿಗೂ ಗಾಳಿಪಟಕ್ಕೂ 'ಕೈಟ್' ಎಂಬ ಒಂದೇ ಹೆಸರು. ಹದ್ದಿನಂತೆ ಗಾಳಿಯಲ್ಲಿ ತೇಲುವ ಆಟಿಕೆಗೆ ಹಕ್ಕಿಯ ಹೆಸರನ್ನೇ ಇಟ್ಟರು. ಆ ಆಟಿಕೆಯ ದಾರಕ್ಕೆ ಗಾಜಿನ ಪುಡಿ ಮೆತ್ತಿ ನಾವು ಮಾಂಜಾ ಎಂದು ಕರೆಯುತ್ತೇವೆ, ಅದು ನಿಜವಾದ ಹದ್ದಿನ ರೆಕ್ಕೆಯನ್ನು ಕೊಯ್ಯುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017 ರಲ್ಲಿ ನಿಷೇಧಿಸಿದರೂ ಮಾರಾಟ ಪೂರ್ತಿ ನಿಂತಿಲ್ಲ. ಹೀಗೆ ಗಾಯಗೊಂಡ ಕರಿಹದ್ದುಗಳನ್ನು ದೆಹಲಿಯ ನೆಲಮಾಳಿಗೆಯೊಂದರಲ್ಲಿಟ್ಟು ಶುಶ್ರೂಷೆ ಮಾಡುವ ಸಹೋದರರನ್ನು ಕುರಿತ 'ಆಲ್ ದಟ್ ಬ್ರೀದ್ಸ್' ಎಂಬ ಸಾಕ್ಷ್ಯಚಿತ್ರ 2022 ರಲ್ಲಿ ಬಂತು. ಸಿಕ್ಕರೆ ಎಲ್ಲರೂ ನೋಡಬೇಕು. ಹದ್ದಿನ ಮೇಲೆ ಪ್ರೀತಿಯಿದ್ದವರು ಮಾಡಬಹುದಾದ ಕೆಲಸ ಅಂಥದು. ಹತ್ತಿ ದಾರದಲ್ಲಿ ಪಟ ಹಾರಿಸಿ ಎಂದು ಒಬ್ಬ ಹುಡುಗನಿಗೆ ಹೇಳಿದರೂ ಸಾಕು, ಒಂದು ರೆಕ್ಕೆ ಉಳಿದೀತು.

ಈಗ ರೆಡಿಂಗಿನ ಪ್ರಶ್ನೆಗೆ ಬರೋಣ. ಹಸಿದ ಜೀವಿಗೆ ಅನ್ನವಿಡುವುದು ಪುಣ್ಯವೆಂದು ನಾನು ಕಲಿಸಿದ್ದು ನಿಜ, ಆ ಮಾತನ್ನು ಇಂದೂ ಹೇಳುತ್ತೇನೆ. ಆದರೆ ಪ್ರಶ್ನೆ ಅದಲ್ಲ. ನಿನ್ನ ಹಿತ್ತಲಿನ ಹದ್ದು ಹಸಿದಿಲ್ಲ, ಚಪಲಕ್ಕೆ ಬಂದಿದೆ. ಆ ನಾಡಿನ ಹೊಲ, ಹೆದ್ದಾರಿ, ತೋಪುಗಳಲ್ಲಿ ಅದಕ್ಕೆ ಬೇಕಾದ ಆಹಾರವಿದೆ. ಇಲ್ಲದಿದ್ದರೆ 90 ಹಕ್ಕಿಗಳಿಂದ ಸಾವಿರಾರು ಜೋಡಿಗಳಾಗುತ್ತಿರಲಿಲ್ಲ. ಅದಕ್ಕೆ ನಿನ್ನಿಂದ ಬೇಕಾದದ್ದು ಮಾಂಸವಲ್ಲ. ಇಲಿಗೆ ಇಡುವ ವಿಷವನ್ನು ಬಯಲಿನಲ್ಲಿ ಇಡದಿರು. ವಿಷ ತಿಂದ ಇಲಿಯನ್ನು ಹದ್ದು ತಿಂದರೆ ಅದೂ ಸಾಯುತ್ತದೆ. ತಿನಿಸನ್ನು ಕೈಯಲ್ಲಿ ಹಿಡಿದು ಅಂಗಳದಲ್ಲಿ ಓಡಾಡಬಾರದೆಂದು ಮಗುವಿಗೆ ಹೇಳಿಕೊಡು. ಪಕ್ಕದ ಮನೆಯ ಆ ಹಿರಿಯರೊಡನೆ ಜಗಳ ಬೇಡ. ಅವರು ಪ್ರಾಯಶಃ ಒಂಟಿಯಾಗಿರಬಹುದು, ದಿನದಲ್ಲಿ ಅವರನ್ನು ಕಾಣಲು ಬರುವ ಅತಿಥಿ ಆ ಹದ್ದೊಂದೇ ಇರಬಹುದು. ವಾರಕ್ಕೊಂದು ದಿನ ನೀನೂ ನಿನ್ನ ತಾಯಿಯೂ ಅವರ ಮನೆಗೆ ಹೋಗಿ ಒಂದು ಲೋಟ ಚಹಾ ಕುಡಿದು, ಮರಿಹಕ್ಕಿಯ ಮೂಳೆಯ ವಿಚಾರವನ್ನು ನಯವಾಗಿ ಪ್ರಸ್ತಾಪಿಸಿದರೆ, ಪತ್ರ ಬರೆದು ಆಕ್ಷೇಪಿಸುವುದಕ್ಕಿಂತ ಹೆಚ್ಚು ಫಲವಾದೀತು.

ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು. ಅವರ ಪದ್ಧತಿಯೇ ಸರಿ. ತಲೆಯೆತ್ತಿ ನೋಡಿ ಕೈಮುಗಿಯುತ್ತಾರೆ, ಏನನ್ನೂ ಕೊಡುವುದಿಲ್ಲ, ಏನನ್ನೂ ಬೇಡುವುದಿಲ್ಲ. ಹದ್ದು ಮೇಲಿರುತ್ತದೆ, ಅವರು ಕೆಳಗಿರುತ್ತಾರೆ, ನಡುವೆ ಒಂದು ಹದ್ದಿರುತ್ತದೆ. ಕಾಡುಜೀವಿಯೊಡನೆ ಮನುಷ್ಯ ಇಟ್ಟುಕೊಳ್ಳಬಹುದಾದ ಸಂಬಂಧದಲ್ಲಿ ಇದಕ್ಕಿಂತ ಗೌರವದ್ದು ನನಗೆ ಗೊತ್ತಿಲ್ಲ.

ಉಳಿದವರು ನಿಮ್ಮ ನಿಮ್ಮ ಊರಿನ ಹದ್ದುಗಳನ್ನು ಒಂದು ವಾರ ಗಮನಿಸಿ. ಎಲ್ಲಿ ಸುತ್ತುತ್ತವೆ, ಏತಕ್ಕೆ ಇಳಿಯುತ್ತವೆ, ಸಂಜೆ ಯಾವ ಮರಕ್ಕೆ ಸೇರುತ್ತವೆ ಎಂಬುದನ್ನು ಬರೆದು ಕಳುಹಿಸಿ. ನನ್ನ ಅಭಿಪ್ರಾಯವನ್ನು ಒಪ್ಪದವರು ಅದನ್ನೂ ಬರೆಯಿರಿ. ತರಗತಿಯಲ್ಲಿ ಎದ್ದುನಿಂತು ವಾದಿಸುತ್ತಿದ್ದವರನ್ನು ನಾನು ಎಂದೂ ಕೂರಿಸಿದವನಲ್ಲ.